ಯುದ್ಧ ಹತ್ತಿರವಾದಾಗ ಸುದ್ದಿ ಯಾವ ಕಡೆ ವಾಲಿದೆ: ಎಣಿಸಿ ನೋಡುವ ಕ್ರಮ

ಯುದ್ಧ ಆಗಬಹುದು ಎಂಬ ಮಾತು ಎದ್ದ ದಿನದಿಂದ ಮೊದಲ ಬಾಂಬು ಬೀಳುವವರೆಗಿನ ಸುದ್ದಿಯಲ್ಲಿ ಹಸಿ ಸುಳ್ಳು ಇರುವುದು ಕಡಿಮೆ. ಪಕ್ಷಪಾತ ಬೇರೆ ಕಡೆ ಕೂತಿರುತ್ತದೆ: ಮೈಕ್ ಯಾರ ಮುಂದೆ ಹಿಡಿದರು, ಯಾವ ಮಾತು ಮುಖಪುಟಕ್ಕೆ ಏರಿತು, ಯಾವುದು ಒಳಪುಟದ ಮೂಲೆಗೆ ಸರಿಯಿತು, ಅನುಮಾನದ ಸಾಲು ಎಷ್ಟನೇ ಪ್ಯಾರಾದಲ್ಲಿ ಬಂತು. ಇವೆಲ್ಲ ಎಣಿಕೆಗೆ ಸಿಗುವ ಸಂಗತಿಗಳು. ‘ಈ ಚಾನೆಲ್ ಸರ್ಕಾರದ ತುತ್ತೂರಿ’, ‘ಆ ಪತ್ರಿಕೆ ಶತ್ರುಗಳ ಪರ’ ಎಂದು ಬೈದಾಡುವ ಬದಲು ಎರಡು ವಾರ ಕೂತು ಎಣಿಸಿದರೆ ಹೆಚ್ಚು ಗೊತ್ತಾಗುತ್ತದೆ. ಬೇಕಾಗುವುದು ಒಂದು ನೋಟ್‌ಬುಕ್ ಮತ್ತು ದಿನಕ್ಕೆ ಮುಕ್ಕಾಲು ಗಂಟೆ.

ಇಲ್ಲಿ ಉದಾಹರಣೆಗೆ ಹೆಚ್ಚಾಗಿ ತೆಗೆದುಕೊಂಡಿರುವುದು 2002ರ ಆಗಸ್ಟ್‌ನಿಂದ 2003ರ ಮಾರ್ಚ್‌ವರೆಗೆ, ಅಮೆರಿಕ ಇರಾಕ್ ಮೇಲೆ ದಂಡೆತ್ತಿ ಹೋಗಲು ತಯಾರಾದ ತಿಂಗಳುಗಳನ್ನು. ಆ ಪ್ರಕರಣದ ಉತ್ತರಪತ್ರಿಕೆ ಈಗ ನಮ್ಮ ಕೈಯಲ್ಲಿದೆ. ಯುದ್ಧದ ನಂತರ ಅಮೆರಿಕವೇ ಕಳಿಸಿದ ಇರಾಕ್ ಸಮೀಕ್ಷಾ ತಂಡ ದೇಶವೆಲ್ಲ ಜಾಲಾಡಿ, ಸಾಮೂಹಿಕ ವಿನಾಶದ ಅಸ್ತ್ರಗಳ ದಾಸ್ತಾನು ಅಲ್ಲಿರಲಿಲ್ಲ ಎಂದು 2004ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ನ್ಯೂಯಾರ್ಕ್ ಟೈಮ್ಸ್, ವಾಷಿಂಗ್ಟನ್ ಪೋಸ್ಟ್ ಎರಡೂ ತಮ್ಮ ಹಳೆಯ ಪುಟಗಳನ್ನು ತಾವೇ ತಿರುವಿ ನೋಡಿ ಬರೆದುಕೊಂಡಿವೆ. ಹಾಗಾಗಿ ಯಾವ ಲಕ್ಷಣ ಆಗಲೇ ಕಾಣಿಸುತ್ತಿತ್ತು, ಯಾವುದು ಕಾಣಿಸುವಂತಿರಲಿಲ್ಲ ಎಂದು ಹೇಳಬಹುದು. ಜೊತೆಗೆ 2025ರ ಏಪ್ರಿಲ್‌–ಮೇ ತಿಂಗಳಲ್ಲಿ, ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನದ ಜೊತೆ ನಡೆದ ಸಂಘರ್ಷದ ಹೊತ್ತಿನ ನಮ್ಮ ದೇಶದ ಅನುಭವವೂ ಇದೆ.

ಏನನ್ನು ಓದಬೇಕು, ಎಷ್ಟು ದಿನ

ನಾಲ್ಕು ಮೂಲ ಆರಿಸಿ, ಹದಿನಾಲ್ಕು ದಿನ ಅದನ್ನು ಬದಲಿಸಬೇಡಿ. ಒಂದು, ಮನೆಗೆ ಬರುವ ಪತ್ರಿಕೆ. ಎರಡು, ನಿಮಗೆ ಹಿಡಿಸದ, ಎದುರು ನಿಲುವಿನ ಪತ್ರಿಕೆ. ಮೂರು, ಸುದ್ದಿಸಂಸ್ಥೆಯ ನೇರ ವರದಿ. ಪಿಟಿಐ, ರಾಯಿಟರ್ಸ್, ಎಪಿ, ಎಎಫ್‌ಪಿ ಪೈಕಿ ಒಂದು. ನಾಲ್ಕು, ಎದುರು ದೇಶದ ಒಂದು ಪತ್ರಿಕೆ. ಪಾಕಿಸ್ತಾನದ ವಿಷಯವಾದರೆ ಕರಾಚಿಯ ‘ಡಾನ್’ ಇಂಗ್ಲಿಷಿನಲ್ಲೇ ಬರುತ್ತದೆ. ಟಿವಿ ನೋಡುವುದಾದರೆ ಒಂದೇ ಚಾನೆಲ್, ಒಂದೇ ಗಂಟೆ, ದಿನವೂ ಅದೇ ಹೊತ್ತು. ಇಡೀ ರಾತ್ರಿ ರಿಮೋಟ್ ಒತ್ತುತ್ತ ಕೂತರೆ ಲೆಕ್ಕ ಸಿಗುವುದಿಲ್ಲ, ತಲೆನೋವು ಸಿಗುತ್ತದೆ.

ಪುಟದ ಮೇಲೆ ಏಳು ಕಾಲಂ ಎಳೆಯಿರಿ: ದಿನಾಂಕ, ಪುಟ ಅಥವಾ ನಿಮಿಷ, ಶೀರ್ಷಿಕೆ, ಒಂದೇ ಸಾಲಿನಲ್ಲಿ ಮುಖ್ಯ ಪ್ರತಿಪಾದನೆ, ಹೇಳಿದವರು ಯಾರು, ದಾಖಲೆ ಅಥವಾ ಚಿತ್ರ ತೋರಿಸಿದ್ದಾರೆಯೇ, ಅನುಮಾನದ ಮಾತು ಎಷ್ಟನೇ ಪ್ಯಾರಾದಲ್ಲಿದೆ. ಕೊನೆಯ ಕಾಲಂ ಖಾಲಿ ಉಳಿದರೆ ಅಡ್ಡಗೆರೆ ಹಾಕಿ. ಎರಡು ವಾರ ಕಳೆದ ಮೇಲೆ ಆ ಅಡ್ಡಗೆರೆಗಳೇ ಹೆಚ್ಚು ಮಾತಾಡುತ್ತವೆ.

ಬಹಳ ಜನ ಎಡವುವುದು ಆರಂಭದಲ್ಲೇ. ವಾಟ್ಸ್‌ಆ್ಯಪ್‌ಗೆ ಬಂದ ತುಣುಕುಗಳನ್ನು ಸೇರಿಸಿ ‘ನೋಡಿ ಎಷ್ಟು ಪಕ್ಷಪಾತ’ ಎನ್ನುತ್ತಾರೆ. ಆ ತುಣುಕುಗಳನ್ನು ಯಾರೋ ಸಿಟ್ಟು ಬರಿಸಲೆಂದೇ ಆರಿಸಿ ಕಳಿಸಿರುತ್ತಾರೆ. ಅವರು ಆರಿಸಿದ್ದನ್ನು ನೀವು ಅಳೆದರೆ ಅವರ ಪಕ್ಷಪಾತ ಅಳೆದಂತಾಯಿತೇ ಹೊರತು ಪತ್ರಿಕೆಯದಲ್ಲ. ನಾಲ್ಕು ಮೂಲ, ಒಂದೇ ಹೊತ್ತು ಎಂಬ ಕಟ್ಟುಪಾಡು ಇರುವುದು ಇದಕ್ಕೇ.

ಮಾತಾಡಿದವರನ್ನು ಎಣಿಸುವುದು

ಪ್ರತಿ ವರದಿಯಲ್ಲಿ ಯಾರ ಮಾತು ಬಂದಿದೆ ಎಂದು ಗುರುತು ಹಾಕಿ. ಒಬ್ಬ ವ್ಯಕ್ತಿಯನ್ನು ಒಂದು ವರದಿಯಲ್ಲಿ ಒಂದೇ ಸಲ ಎಣಿಸಬೇಕು, ಹತ್ತು ಸಾಲು ಮಾತಾಡಿದ್ದರೂ ಸರಿ. ಗುಂಪುಗಳು ಇಷ್ಟು ಸಾಕು: ಈಗ ಹುದ್ದೆಯಲ್ಲಿರುವ ಮಂತ್ರಿ, ಅಧಿಕಾರಿ, ಸೇನೆಯವರು, ನಿವೃತ್ತ ಸೇನಾಧಿಕಾರಿಗಳು ಮತ್ತು ರಾಯಭಾರಿಗಳು, ಪಕ್ಷಗಳ ವಕ್ತಾರರು, ವಿಷಯ ಬಲ್ಲವರು (ಅಣುವಿಜ್ಞಾನಿ, ಶಸ್ತ್ರಾಸ್ತ್ರ ತಪಾಸಕ, ಅಂತರರಾಷ್ಟ್ರೀಯ ಕಾನೂನು ತಿಳಿದವರು), ಗಡಿಯ ಹತ್ತಿರ ಬದುಕುವವರು, ಯುದ್ಧ ಬೇಡ ಎನ್ನುವವರು, ಎದುರು ದೇಶದವರು.

ಫೇರ್ ಎಂಬ ಅಮೆರಿಕದ ಮಾಧ್ಯಮ ವಿಮರ್ಶಾ ಸಂಸ್ಥೆ 2003ರಲ್ಲಿ ಮಾಡಿದ್ದೂ ಇದೇ ಕೆಲಸ. ಅಮೆರಿಕದ ವಿದೇಶಾಂಗ ಮಂತ್ರಿ ಕಾಲಿನ್ ಪೊವೆಲ್ ಫೆಬ್ರುವರಿ 5ರಂದು ವಿಶ್ವಸಂಸ್ಥೆಯಲ್ಲಿ ಇರಾಕ್ ಬಳಿ ನಿಷೇಧಿತ ಅಸ್ತ್ರಗಳಿವೆ ಎಂದು ಭಾಷಣ ಮಾಡಿದರಲ್ಲ, ಅದರ ಹಿಂದು ಮುಂದಿನ ಎರಡು ವಾರ ಎಬಿಸಿ, ಸಿಬಿಎಸ್, ಎನ್‌ಬಿಸಿ, ಪಿಬಿಎಸ್‌ನ ರಾತ್ರಿ ಸುದ್ದಿಯನ್ನು ಅವರು ಎಣಿಸಿದರು. ಇರಾಕ್ ಕುರಿತು ಕ್ಯಾಮೆರಾ ಮುಂದೆ ಮಾತಾಡಿದವರು ಒಟ್ಟು 393. ಅವರಲ್ಲಿ ಅಮೆರಿಕದವರು 267. ಆ 267ರಲ್ಲಿ 199 ಮಂದಿ ಹಾಲಿ ಅಥವಾ ಮಾಜಿ ಅಧಿಕಾರಸ್ಥರು. ಆ 199ರಲ್ಲಿ ಯುದ್ಧದ ಬಗ್ಗೆ ಅನುಮಾನ ತೋರಿದವರು ಒಬ್ಬರೇ, ಸೆನೆಟರ್ ಎಡ್ವರ್ಡ್ ಕೆನಡಿ. ಫೇರ್ ಎಡಕ್ಕೆ ವಾಲಿದ ಸಂಸ್ಥೆ ಎಂದು ಟೀಕೆಯಿದೆ, ಇರಲಿ. ಎಣಿಕೆಯ ಒಂದು ಅನುಕೂಲವೆಂದರೆ ಒಪ್ಪದವರು ಅದೇ ಬುಲೆಟಿನ್‌ಗಳನ್ನು ಹಾಕಿಕೊಂಡು ಮತ್ತೆ ಎಣಿಸಬಹುದು.

ಆದರೆ ಅಧಿಕಾರಿಗಳ ಮಾತು ಹೆಚ್ಚಿದೆ ಎಂದ ಮಾತ್ರಕ್ಕೆ ಪಕ್ಷಪಾತ ಸಾಬೀತಾಗುವುದಿಲ್ಲ. ಯುದ್ಧದ ನಿರ್ಧಾರ ಅವರದೇ, ಅವರನ್ನು ಕೇಳಲೇಬೇಕು. ಹೋಲಿಸಲು ಒಂದು ಅಳತೆ ಬೇಕು. ಸುಲಭದ್ದು ಶಾಸನಸಭೆಯ ಮತ. 2002ರ ಅಕ್ಟೋಬರ್‌ನಲ್ಲಿ ಯುದ್ಧಾಧಿಕಾರದ ನಿರ್ಣಯ ಕೆಳಮನೆಯಲ್ಲಿ 296–133, ಸೆನೆಟ್‌ನಲ್ಲಿ 77–23 ಮತಗಳಿಂದ ಪಾಸಾಯಿತು. ಅಂದರೆ ಕೆಳಮನೆಯಲ್ಲಿ ಮತ ಹಾಕಿದವರಲ್ಲಿ ಶೇ 31ರಷ್ಟು, ಸೆನೆಟ್‌ನಲ್ಲಿ ಶೇ 23ರಷ್ಟು ಮಂದಿ ಬೇಡ ಎಂದಿದ್ದರು. ನಾಲ್ಕು ತಿಂಗಳ ನಂತರ ಟಿವಿ ಪರದೆಯ ಮೇಲೆ ಆ ಪಾಲು 199ಕ್ಕೆ 1. ಈ ಅಂತರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಜವಾದ ವಾಲು ಇದರಲ್ಲಿದೆ.

ಈ ಅಳತೆ ಕೈಕೊಡುವ ಸಂದರ್ಭವೂ ಉಂಟು. 1964ರ ಆಗಸ್ಟ್‌ನಲ್ಲಿ ವಿಯೆಟ್ನಾಂ ಯುದ್ಧಕ್ಕೆ ದಾರಿ ಮಾಡಿದ ಟಾಂಕಿನ್ ಕೊಲ್ಲಿ ನಿರ್ಣಯಕ್ಕೆ ಕೆಳಮನೆಯಲ್ಲಿ 416–0, ಸೆನೆಟ್‌ನಲ್ಲಿ 88–2 ಮತ ಬಿತ್ತು. ಅದಕ್ಕೆ ಕಾರಣ ಕೊಟ್ಟದ್ದು ಅಮೆರಿಕದ ಹಡಗುಗಳ ಮೇಲೆ ಉತ್ತರ ವಿಯೆಟ್ನಾಂ ಎರಡು ಸಲ ದಾಳಿ ಮಾಡಿತು ಎಂದು. ಆಗಸ್ಟ್ 4ರಂದು ನಡೆಯಿತೆನ್ನಲಾದ ಎರಡನೇ ದಾಳಿ ನಡೆದೇ ಇರಲಿಲ್ಲ. ಸದನವೇ ಒಕ್ಕೊರಲಿನಲ್ಲಿ ಕೂಗುವಾಗ ಟಿವಿಯಲ್ಲಿ ಭಿನ್ನ ದನಿ ಎಲ್ಲಿಂದ ಬರಬೇಕು? ನಮ್ಮಲ್ಲಿಯೂ ಗಡಿಯಲ್ಲಿ ರಕ್ತ ಹರಿದಾಗ ಸರ್ವಪಕ್ಷ ಸಭೆ ಒಂದೇ ಮಾತಾಡುತ್ತದೆ. ಆಗ ಪಕ್ಷಗಳನ್ನು ಬಿಟ್ಟು ‘ವಿಷಯ ಬಲ್ಲವರು’ ಎಂಬ ಗುಂಪಿನ ಕಡೆ ಕಣ್ಣು ಹಾಯಿಸಿ. ಭಿನ್ನಮತ ಉಳಿದಿದ್ದರೆ ಅಲ್ಲೇ ಉಳಿದಿರುತ್ತದೆ.

ಮಾತನ್ನು ಹುಟ್ಟಿದ ಬಾಯಿಯವರೆಗೆ ಹಿಂಬಾಲಿಸುವುದು

ಸಮಯ ಇಲ್ಲದವರು ಉಳಿದದ್ದೆಲ್ಲ ಬಿಟ್ಟು ಇದೊಂದನ್ನು ಮಾಡಿದರೂ ಆಗುತ್ತದೆ.

2002ರ ಸೆಪ್ಟೆಂಬರ್ 8, ಭಾನುವಾರ. ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಮೈಕೆಲ್ ಗಾರ್ಡನ್ ಮತ್ತು ಜುಡಿತ್ ಮಿಲ್ಲರ್ ಅವರ ವರದಿ: ಇರಾಕ್ ವಿಶೇಷ ಅಲ್ಯೂಮಿನಿಯಂ ಕೊಳವೆಗಳನ್ನು ಕೊಳ್ಳಲು ಯತ್ನಿಸಿದೆ, ಅವು ಅಣುಬಾಂಬಿಗೆ ಬೇಕಾದಂತೆ ಯುರೇನಿಯಂ ಸಂವರ್ಧಿಸುವ, ಎಂದರೆ ಅದರ ಸಾರ ಹೆಚ್ಚಿಸುವ, ಯಂತ್ರವಾದ ಸೆಂಟ್ರಿಫ್ಯೂಜ್‌ಗೆ ಎಂದು ಅಧಿಕಾರಿಗಳು ನಂಬಿದ್ದಾರೆ. ಅಧಿಕಾರಿಗಳಿಗೆ ಹೆಸರಿಲ್ಲ. ಅದೇ ಬೆಳಗ್ಗೆ ಉಪಾಧ್ಯಕ್ಷ ಡಿಕ್ ಚೇನಿ ಎನ್‌ಬಿಸಿಯ ‘ಮೀಟ್ ದಿ ಪ್ರೆಸ್’ನಲ್ಲಿ ಕೂತು, ಇವತ್ತಿನ ಟೈಮ್ಸ್‌ನಲ್ಲೇ ಬಂದಿದೆಯಲ್ಲ ಎಂದು ಕೊಳವೆಗಳ ಮಾತೆತ್ತಿದರು. ರಾಷ್ಟ್ರೀಯ ಭದ್ರತಾ ಸಲಹೆಗಾರ್ತಿ ಕಾಂಡೊಲೀಜಾ ರೈಸ್ ಅದೇ ದಿನ ಸಿಎನ್‌ಎನ್‌ನಲ್ಲಿ, ಸಾಕ್ಷಿಗೆ ಕಾಯುತ್ತ ಕೂತರೆ ಅದು ಅಣುಸ್ಫೋಟದ ಅಣಬೆ ಮೋಡದ ರೂಪದಲ್ಲಿ ಬಂದೀತು ಎಂಬರ್ಥದ ಮಾತಾಡಿದರು. ಮನೆಯಲ್ಲಿ ಕೂತು ನೋಡಿದವನಿಗೆ ಪತ್ರಿಕೆಯೂ ಹೇಳುತ್ತಿದೆ, ಸರ್ಕಾರವೂ ಹೇಳುತ್ತಿದೆ, ಎರಡು ಕಡೆಯಿಂದ ಒಂದೇ ಸುದ್ದಿ. ಬಾಯಿ ಮಾತ್ರ ಒಂದೇ: ಸರ್ಕಾರ ಹೆಸರಿಲ್ಲದೆ ಪತ್ರಿಕೆಗೆ ಹೇಳಿತು, ಆಮೇಲೆ ಹೆಸರಿಟ್ಟುಕೊಂಡು ಪತ್ರಿಕೆಯನ್ನೇ ಸಾಕ್ಷಿಗೆ ಕರೆಯಿತು.

ನೋಟ್‌ಬುಕ್ಕಿನಲ್ಲಿ ಮಾಡುವ ಕೆಲಸ ಇಷ್ಟು. ಪ್ರತಿಪಾದನೆಯನ್ನು ನಡುವೆ ಬರೆಯಿರಿ. ಅದನ್ನು ಹೇಳಿದ ಪ್ರತಿ ಮಾಧ್ಯಮದಿಂದ, ಅವರಿಗೆ ಯಾರು ಹೇಳಿದರೋ ಅವರ ಕಡೆಗೆ ಬಾಣದ ಗುರುತು ಎಳೆಯಿರಿ. ಹೆಸರುಳ್ಳ ವ್ಯಕ್ತಿ, ಕಣ್ಣಿಗೆ ಬಿದ್ದ ದಾಖಲೆ ಅಥವಾ ಸ್ಥಳದಲ್ಲಿದ್ದ ವರದಿಗಾರ ಸಿಗುವವರೆಗೆ ನಿಲ್ಲಬೇಡಿ. ಎರಡು ಬಾಣ ಒಂದೇ ಕಡೆ ಹೋಗಿ ಮುಟ್ಟಿದರೆ ಒಂದೇ ಮೂಲ ಎಂದು ಲೆಕ್ಕ. ಬಾಣ ಸುತ್ತಿ ಬಂದು ಹೊರಟಲ್ಲಿಗೇ ಸೇರಿದರೆ ಸೊನ್ನೆ.

ಕೊಳವೆಯ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದಿತ್ತು. ಅವು 81 ಮಿಲಿಮೀಟರ್ ವ್ಯಾಸದ, ಸುಮಾರು 900 ಮಿಲಿಮೀಟರ್ ಉದ್ದದ, 7075-ಟಿ6 ಎಂಬ ಗಟ್ಟಿ ಮಿಶ್ರಲೋಹದ ಕೊಳವೆಗಳು. ಇಟಲಿಯ ಮಾದರಿ ನೋಡಿ ಇರಾಕ್ ಮಾಡುತ್ತಿದ್ದ 81 ಮಿಲಿಮೀಟರ್ ರಾಕೆಟ್ಟಿನ ಅಳತೆಯೂ ಅದೇ. ಅಮೆರಿಕದ ಇಂಧನ ಇಲಾಖೆಯ ಸೆಂಟ್ರಿಫ್ಯೂಜ್ ತಜ್ಞರು ಅವು ರಾಕೆಟ್ಟಿಗೆ ಎಂದೇ ಹೇಳುತ್ತಿದ್ದರು. 2002ರ ಅಕ್ಟೋಬರ್‌ನ ರಾಷ್ಟ್ರೀಯ ಗುಪ್ತಚರ ಅಂದಾಜಿನಲ್ಲಿ (ಅಮೆರಿಕದ ಗುಪ್ತಚರ ಸಂಸ್ಥೆಗಳ ಒಟ್ಟು ವರದಿ) ಇಂಧನ ಇಲಾಖೆಯೂ ವಿದೇಶಾಂಗ ಇಲಾಖೆಯ ಗುಪ್ತಚರ ಘಟಕವೂ ಭಿನ್ನಮತ ದಾಖಲಿಸಿದ್ದವು. ಸೆಂಟ್ರಿಫ್ಯೂಜ್ ಎಂದರೇನು ಎಂದು ಬಲ್ಲ ಇಲಾಖೆ ಒಂದು ಹೇಳುತ್ತಿತ್ತು, ಸಿಐಎ ಮತ್ತು ರಾಜಕೀಯ ಕಚೇರಿಗಳು ಇನ್ನೊಂದು. ಅಂತಹ ಒಡಕು ಕಂಡಾಗ, ಕೆಲಸ ಮಾಡಿ ಗೊತ್ತಿರುವವರ ಪಕ್ಕ ಎರಡು ನಕ್ಷತ್ರ ಹಾಕಿ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮೊಹಮ್ಮದ್ ಎಲ್‌ಬರಾದಿ 2003ರ ಮಾರ್ಚ್ 7ರಂದು ಭದ್ರತಾ ಮಂಡಳಿಯಲ್ಲಿ ಕೊಳವೆಗಳು ಸೆಂಟ್ರಿಫ್ಯೂಜ್‌ಗೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ ಎಂದರು. ಇರಾಕ್ ನೈಜರ್ ದೇಶದಿಂದ ಯುರೇನಿಯಂ ಕೊಳ್ಳಲು ಹೊರಟಿತ್ತು ಎಂದು ತೋರಿಸುವ ಕಾಗದಪತ್ರಗಳು ಅಸಲಿಯಲ್ಲ ಎಂದೂ ಹೇಳಿದರು. ಎರಡು ವಾರದೊಳಗೆ ಯುದ್ಧ ಶುರುವಾಯಿತು.

ಈಗ 2025ರ ಮೇ 8ರ ರಾತ್ರಿಗೆ ಬನ್ನಿ. ಕರಾಚಿ ಬಂದರು ಧ್ವಂಸ, ಇಸ್ಲಾಮಾಬಾದ್ ವಶ, ಪಾಕಿಸ್ತಾನದ ಸೇನಾ ಮುಖ್ಯಸ್ಥನ ಬಂಧನ ಎಂದು ಹಲವು ಚಾನೆಲ್‌ಗಳಲ್ಲಿ ಪಟ್ಟಿ ಓಡಿತು. ಯಾವುದೂ ನಡೆದಿರಲಿಲ್ಲ. ಬಾಣ ಎಳೆದಿದ್ದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು: ಒಂದು ಚಾನೆಲ್ ಇನ್ನೊಂದನ್ನು ತೋರಿಸುತ್ತಿತ್ತು, ಇನ್ನೊಂದು ‘ಮೂಲಗಳ ಪ್ರಕಾರ’ ಎನ್ನುತ್ತಿತ್ತು, ನೌಕಾಪಡೆಯ ಹೇಳಿಕೆ ಇರಲಿಲ್ಲ. ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ, ಕರ್ನಲ್ ಸೋಫಿಯಾ ಖುರೇಷಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ನಡೆಸುತ್ತಿದ್ದ ಅಧಿಕೃತ ಗೋಷ್ಠಿಗಳು ಅಳೆದು ತೂಗಿದ ಮಾತಿನವು. ಅಲ್ಲಿ ಇಂಥ ಒಂದು ವಾಕ್ಯವೂ ಬಂದಿರಲಿಲ್ಲ. ಸರ್ಕಾರ ಹೇಳಿದ್ದಕ್ಕಿಂತ ಹೆಚ್ಚನ್ನು ಚಾನೆಲ್ ಹೇಳುತ್ತಿದೆ ಎಂದಾದರೆ ಆ ಹೆಚ್ಚುವರಿ ಭಾಗಕ್ಕೆ ಯಾರು ಹೊಣೆ ಎಂದು ಕೇಳಿ. ಗಡಿಯಾಚೆಗೂ ಇದೇ ಕಥೆ. ಪಾಕಿಸ್ತಾನದ ರಕ್ಷಣಾ ಸಚಿವ ಖ್ವಾಜಾ ಆಸಿಫ್ ಅವರನ್ನು, ಭಾರತದ ವಿಮಾನ ಹೊಡೆದುರುಳಿಸಿದ್ದಕ್ಕೆ ಪುರಾವೆ ಎಲ್ಲಿ ಎಂದು ಸಿಎನ್‌ಎನ್ ಕೇಳಿದಾಗ, ಎಲ್ಲ ಸೋಷಿಯಲ್ ಮೀಡಿಯಾದಲ್ಲಿದೆ ಎಂದುಬಿಟ್ಟರು.

ಹೆಸರಿಲ್ಲದ ಮೂಲ ಎಂದ ಕೂಡಲೇ ತಳ್ಳಿಹಾಕಬೇಡಿ. ಇರಾಕ್ ಕುರಿತ ಅನುಮಾನಗಳೂ ಹೆಸರಿಲ್ಲದವರಿಂದಲೇ ಹೊರಬಂದವು. ಮೂರು ಪ್ರಶ್ನೆ ಕೇಳಿ: ಹೆಸರು ಯಾಕೆ ಮುಚ್ಚಿಟ್ಟಿದ್ದೇವೆ ಎಂದು ಪತ್ರಿಕೆ ಹೇಳಿದೆಯೇ? ಆ ಮಾತಿನಿಂದ ಹೇಳಿದವನ ಇಲಾಖೆಗೆ ಲಾಭವೋ ನಷ್ಟವೋ? ವರದಿಗಾರ ಕಾಗದ ನೋಡಿದ್ದಾನೋ, ಬರೀ ಮಾತು ಕೇಳಿದ್ದಾನೋ? ತನ್ನ ಮೇಲಧಿಕಾರಿಗೆ ಮುಜುಗರ ತರುವ ಮಾತನ್ನು ಹೆಸರು ಮುಚ್ಚಿಕೊಂಡು ಹೇಳುವವನಿಗೆ ಕಾರಣ ಇದೆ. ಮೇಲಧಿಕಾರಿ ವೇದಿಕೆಯಲ್ಲಿ ಹೇಳಿದ್ದನ್ನೇ ಹೆಸರು ಮುಚ್ಚಿಕೊಂಡು ಮತ್ತೆ ಹೇಳುವವನಿಗೆ ಏನು ಕಾರಣ?

ಪುಟ, ಪ್ಯಾರಾ, ಕ್ರಿಯಾಪದ

ವಾಷಿಂಗ್ಟನ್ ಪೋಸ್ಟ್ 2004ರ ಆಗಸ್ಟ್‌ನಲ್ಲಿ ತನ್ನದೇ ಲೆಕ್ಕ ಪ್ರಕಟಿಸಿತು: 2002ರ ಆಗಸ್ಟ್‌ನಿಂದ ಯುದ್ಧ ಶುರುವಾಗುವವರೆಗೆ ಸರ್ಕಾರದ ಇರಾಕ್ ವಿರೋಧಿ ಮಾತುಗಳ ಮೇಲೆ ನಿಂತ 140ಕ್ಕೂ ಹೆಚ್ಚು ವರದಿಗಳು ಮುಖಪುಟದಲ್ಲಿದ್ದವು. ಅದೇ ಪತ್ರಿಕೆಯ ಹಿರಿಯ ವರದಿಗಾರ ವಾಲ್ಟರ್ ಪಿಂಕಸ್, ನಿಷೇಧಿತ ಅಸ್ತ್ರಗಳ ಬಗ್ಗೆ ಸರ್ಕಾರದ ಬಳಿ ನಿಖರ ಮಾಹಿತಿಯಿಲ್ಲ ಎಂದು ಬರೆದದ್ದು ಮಾರ್ಚ್ 16ರಂದು 17ನೇ ಪುಟದಲ್ಲಿ ಬಂತು. ನ್ಯೂಯಾರ್ಕ್ ಟೈಮ್ಸ್ 2004ರ ಮೇ 26ರಂದು ಸಂಪಾದಕರ ಟಿಪ್ಪಣಿ ಬರೆದು, ಭಯದ ವರದಿಗಳು ಎದ್ದು ಕಾಣುವಲ್ಲಿ ಬಂದವು, ಅವನ್ನು ಪ್ರಶ್ನಿಸಿದವು ಕೆಲವೊಮ್ಮೆ ಒಳಗೆ ಹೂತುಹೋದವು ಎಂದು ಒಪ್ಪಿಕೊಂಡಿತು. ಆ ಒಪ್ಪಿಗೆ ಅಚ್ಚಾದದ್ದು ಹತ್ತನೇ ಪುಟದಲ್ಲಿ!

ಹಾಗಾಗಿ ಅನುಮಾನದ ವರದಿ ‘ಬಂದಿತ್ತು’ ಎಂಬುದು ಸಮಾಧಾನದ ಉತ್ತರವಲ್ಲ. ಎಲ್ಲಿ ಬಂತು, ಎಷ್ಟು ಕಾಲಂ, ಎಷ್ಟು ದಿನದ ಮೇಲೆ ಎಂದು ಬರೆದುಕೊಳ್ಳಿ. ಪ್ರತಿಪಾದನೆ ಮೊದಲ ಪ್ಯಾರಾದಲ್ಲಿದ್ದು ತಜ್ಞರ ಆಕ್ಷೇಪ ಹದಿನಾಲ್ಕನೇ ಪ್ಯಾರಾದಲ್ಲಿದ್ದರೆ, ಬಹುಪಾಲು ಓದುಗರ ಪಾಲಿಗೆ ಅದು ಇಲ್ಲದ ಹಾಗೆಯೇ.

ನಮ್ಮ ಪತ್ರಿಕಾ ಕನ್ನಡದಲ್ಲಿ ಮೂರು ಬಗೆಯ ಕ್ರಿಯಾಪದಗಳನ್ನು ಬಣ್ಣದ ಪೆನ್ನಿನಲ್ಲಿ ಗುರುತಿಸಿ. ‘ಹೇಳಿದ್ದಾರೆ’ ಎಂಬಲ್ಲಿ ಹೊಣೆಗಾರ ಇದ್ದಾನೆ. ‘ಎನ್ನಲಾಗಿದೆ’, ‘ತಿಳಿದುಬಂದಿದೆ’ ಎಂಬಲ್ಲಿ ಇಲ್ಲ. ‘ಬಹಿರಂಗವಾಗಿದೆ’, ‘ಬಯಲಾಗಿದೆ’ ಎಂಬಲ್ಲಿ ಸಾಬೀತಾಗದ್ದನ್ನು ಸಾಬೀತಾದಂತೆ ದಾಟಿಸಿರುತ್ತಾರೆ. ಆಮೇಲೆ ಶೀರ್ಷಿಕೆಯಲ್ಲಿ ದೇಶಗಳ ಹೆಸರು ಅದಲು ಬದಲು ಮಾಡಿ ಓದಿ. ನಮ್ಮದು ‘ತಕ್ಕ ಉತ್ತರ’, ಅವರದು ‘ಪುಂಡಾಟ’. ನಮ್ಮ ವಿಮಾನ ‘ಸಂಪರ್ಕ ಕಳೆದುಕೊಂಡಿದೆ’, ಅವರದು ‘ಉಡೀಸ್’. ಅದಲು ಬದಲು ಮಾಡಿದಾಗ ಓದಲು ಆಗದಷ್ಟು ಕಿರಿಕಿರಿಯಾದರೆ ಆ ಶೀರ್ಷಿಕೆ ಬರೆದದ್ದು ವರದಿಯ ಡೆಸ್ಕ್ ಅಲ್ಲ, ಭಾಷಣದ ಡೆಸ್ಕ್.

ಎರಡು ಸಂಗತಿಗಳನ್ನು ಪಕ್ಕಪಕ್ಕ ಇಡುವ ತಂತ್ರ ಗುರುತಿಸುವುದು ಇನ್ನೂ ಕಷ್ಟ. ಸದ್ದಾಂ ಹುಸೇನ್ 2001ರ ಸೆಪ್ಟೆಂಬರ್ 11ರ ದಾಳಿ ಮಾಡಿಸಿದ ಎಂದು ಬುಷ್ ಸರ್ಕಾರ ನೇರವಾಗಿ ಹೇಳಿದ್ದಿಲ್ಲ. ಸದ್ದಾಂ, ಅಲ್ ಖೈದಾ, ಸೆಪ್ಟೆಂಬರ್ 11 ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತ ಹೋದರು. 2003ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ನಡೆಸಿದ ಸಮೀಕ್ಷೆಯಲ್ಲಿ ಶೇ 69ರಷ್ಟು ಅಮೆರಿಕನ್ನರು ಆ ದಾಳಿಯಲ್ಲಿ ಸದ್ದಾಂ ಕೈವಾಡ ಇರುವ ಸಂಭವವಿದೆ ಎಂದಿದ್ದರು. ಒಂದೇ ಪ್ಯಾರಾದಲ್ಲಿ ಎರಡು ಹೆಸರು ಜೊತೆಯಾಗಿ ಬಂದಾಗ, ನಡುವೆ ಸಂಬಂಧ ಹೇಳುವ ವಾಕ್ಯ ಇದೆಯೇ ಎಂದು ಬೆರಳಿಟ್ಟು ಹುಡುಕಿ. ಇಲ್ಲವಾದರೆ ಆ ಸಂಬಂಧವನ್ನು ನಿಮ್ಮ ತಲೆಯೇ ಕಟ್ಟಿಕೊಳ್ಳುತ್ತಿದೆ.

ಅಂಕಿಗೂ ಇದೇ ಮಾತು. ಬ್ರಿಟನ್ ಸರ್ಕಾರ 2002ರ ಸೆಪ್ಟೆಂಬರ್ 24ರಂದು ಹೊರತಂದ ಕಡತದಲ್ಲಿ ಆದೇಶ ಬಂದ 45 ನಿಮಿಷದಲ್ಲಿ ಇರಾಕ್ ಕೆಲವು ಅಸ್ತ್ರಗಳನ್ನು ಸಜ್ಜು ಮಾಡಬಲ್ಲದು ಎಂದಿತ್ತು. ಮರುದಿನ ‘ದಿ ಸನ್’ ಪತ್ರಿಕೆ, ಬ್ರಿಟಿಷರ ಸರ್ವನಾಶಕ್ಕೆ 45 ನಿಮಿಷ ಎಂಬ ಅರ್ಥದ ಶೀರ್ಷಿಕೆ ಹೊಡೆಯಿತು. ಮೂಲ ಮಾಹಿತಿ ರಣರಂಗದ ಕಡಿಮೆ ದೂರದ ಶಸ್ತ್ರಗಳದ್ದು. ಅಂಕಿ ಕಂಡಾಗ ಕೇಳಬೇಕಾದದ್ದು: ಎಲ್ಲಿಂದ ಎಲ್ಲಿಗೆ, ಯಾವ ಅಸ್ತ್ರ, ಯಾವ ಕ್ಷಣದಿಂದ ಲೆಕ್ಕ?

ಪ್ಯಾನೆಲ್‌ನಲ್ಲಿ ಕೂತವರು

ಪರದೆಯ ಕೆಳಗೆ ‘ರಕ್ಷಣಾ ತಜ್ಞ’ ಎಂದಷ್ಟೇ ಬರೆದಿರುತ್ತಾರೆ. 2008ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆದ ಪ್ರಕಾರ, ಅಮೆರಿಕದ ಚಾನೆಲ್‌ಗಳಲ್ಲಿ ವರ್ಷಗಟ್ಟಲೆ ಇರಾಕ್ ಯುದ್ಧ ವಿವರಿಸಿದ ಹಲವು ನಿವೃತ್ತ ಸೇನಾಧಿಕಾರಿಗಳಿಗೆ ಪೆಂಟಗನ್ ಮಾತಿನ ಸರಕು ಒದಗಿಸುತ್ತಿತ್ತು. ಅವರಲ್ಲಿ ಅನೇಕರಿಗೆ ರಕ್ಷಣಾ ಗುತ್ತಿಗೆ ಕಂಪನಿಗಳ ನಂಟು ಇತ್ತು. ವೀಕ್ಷಕರಿಗೆ ಎರಡೂ ಗೊತ್ತಿರಲಿಲ್ಲ. ತಜ್ಞರ ಹೆಸರು ಬರೆದುಕೊಂಡು ಮೂರು ವಿವರ ಹುಡುಕಿ: ಯಾವ ವಿಭಾಗದಲ್ಲಿ ಕೆಲಸ ಮಾಡಿದವರು, ಯಾವಾಗ ನಿವೃತ್ತರಾದರು, ಈಗ ಯಾವ ಕಂಪನಿ ಅಥವಾ ಚಿಂತಕರ ಕೂಟದಲ್ಲಿದ್ದಾರೆ. ನಂಟಿದೆ ಎಂದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ. ಅದನ್ನು ಚಾನೆಲ್ ಹೇಳಿತೇ ಎಂಬುದೇ ಪ್ರಶ್ನೆ. ಮೂವತ್ತು ವರ್ಷ ಫಿರಂಗಿದಳದಲ್ಲಿದ್ದವರನ್ನು ಸಿಂಧೂ ಜಲ ಒಪ್ಪಂದದ ಕಲಮುಗಳ ಬಗ್ಗೆ ಕೇಳುತ್ತಿದ್ದರೆ ಟಿವಿ ಆರಿಸಿ ಊಟಕ್ಕೆ ಏಳಬಹುದು.

ಕಾಣದೆ ಹೋದವರು

ಪುಟದ ಮೇಲಿರುವುದನ್ನು ಎಣಿಸಬಹುದು, ಇಲ್ಲದ್ದನ್ನು ಎಣಿಸುವುದು ಹೇಗೆ? ಮೊದಲ ವಾರದಲ್ಲಿ ಕಂಡ ಅಂಕಣಕಾರರು, ನಿರೂಪಕರು, ವ್ಯಂಗ್ಯಚಿತ್ರಕಾರರ ಪಟ್ಟಿ ಮಾಡಿಟ್ಟುಕೊಂಡರೆ ಎರಡನೇ ವಾರ ಯಾರು ಮಾಯವಾದರು ಎಂದು ತಿಳಿಯುತ್ತದೆ. ಯುದ್ಧಕ್ಕೆ ಮೂರು ವಾರ ಇರುವಾಗ, 2003ರ ಫೆಬ್ರುವರಿ 25ರಂದು ಎಂಎಸ್‌ಎನ್‌ಬಿಸಿ ತನ್ನದೇ ಅತಿ ಹೆಚ್ಚು ವೀಕ್ಷಕರಿದ್ದ ಫಿಲ್ ಡೊನಾಹ್ಯೂ ಅವರ ಕಾರ್ಯಕ್ರಮ ನಿಲ್ಲಿಸಿತು. ಯುದ್ಧದ ಹೊತ್ತಿನಲ್ಲಿ ಅವರು ಸಂಸ್ಥೆಗೆ ಇರಿಸುಮುರಿಸಿನ ಮುಖವಾಗುತ್ತಾರೆ ಎಂಬ ಒಳಟಿಪ್ಪಣಿ ನಂತರ ಸೋರಿತು. ಸರ್ಕಾರ ಆದೇಶಿಸಿರಲಿಲ್ಲ, ಸಂಸ್ಥೆ ತಾನಾಗಿಯೇ ಬಗ್ಗಿತು.

ಇಲ್ಲಿ ಎರಡನ್ನು ಬೇರೆ ಇಡಬೇಕು. ಸೇನೆಯ ಚಲನವಲನ ನೇರಪ್ರಸಾರ ಮಾಡಬೇಡಿ ಎಂದು ಮಾಹಿತಿ ಮತ್ತು ಪ್ರಸಾರ ಸಚಿವಾಲಯ 2025ರ ಏಪ್ರಿಲ್ 26ರಂದು ಹೊರಡಿಸಿದ ಸಲಹೆಗೆ ಕಾರ್ಗಿಲ್, ಕಂದಹಾರ್, ಮುಂಬೈ ದಾಳಿಯ ಕಹಿ ಪಾಠಗಳ ಆಧಾರವಿತ್ತು. ಅದು ಬೇಕಾದ ನಿರ್ಬಂಧವೇ. ಪಡೆ ಎಲ್ಲಿದೆ ಎಂದು ತೋರಿಸದಿರುವುದು ಒಂದು. ನಿರ್ಧಾರ ಸರಿಯೇ ಎಂದು ಕೇಳದಿರುವುದು ಇನ್ನೊಂದು. ಮೇ ತಿಂಗಳಲ್ಲಿ ಎಂಟು ಸಾವಿರ ಖಾತೆಗಳನ್ನು ತಡೆಯಲು ‘ಎಕ್ಸ್’ಗೆ ಸೂಚನೆ ಹೋಯಿತು, ‘ದಿ ವೈರ್’ ಜಾಲತಾಣವೂ ಕೆಲಕಾಲ ಮುಚ್ಚಿತ್ತು. ಯಾವ ತಡೆ ಯಾವ ಗುಂಪಿಗೆ ಸೇರುತ್ತದೆ ಎಂದು ಪ್ರತಿ ಸಲವೂ ಬರೆದುಕೊಳ್ಳಿ.

ಚಿತ್ರ, ವಿಡಿಯೊ

ವಿಡಿಯೊ ನಿಲ್ಲಿಸಿ ಮೂರ್ನಾಲ್ಕು ಸ್ಕ್ರೀನ್‌ಶಾಟ್ ತೆಗೆಯಿರಿ. ಚಾನೆಲ್‌ನ ಲೋಗೊ, ಕೆಳಗಿನ ಪಟ್ಟಿ ಎಲ್ಲ ಕತ್ತರಿಸಿ. ಅವಿದ್ದರೆ ಹುಡುಕಾಟ ಅದೇ ಚಾನೆಲ್ಲಿಗೆ ಎಳೆದೊಯ್ಯುತ್ತದೆ. ಗೂಗಲ್ ಲೆನ್ಸ್‌ನಲ್ಲಿ ಒಮ್ಮೆ, ಯಾಂಡೆಕ್ಸ್ ಅಥವಾ ಟಿನ್‌ಐನಲ್ಲಿ ಇನ್ನೊಮ್ಮೆ ಹಾಕಿ, ಆ ಚಿತ್ರ ಅಂತರ್ಜಾಲದಲ್ಲಿ ಬಂದ ಅತಿ ಹಳೆಯ ದಿನಾಂಕ ನೋಡಿ. ರಾತ್ರಿಯ ಆಕಾಶದಲ್ಲಿ ಬೆಂಕಿಯ ಗೆರೆಗಳು ಮಾತ್ರ ಕಾಣುತ್ತಿದ್ದು ಕಟ್ಟಡ, ಫಲಕ, ಜನರ ಮಾತು ಏನೂ ಇಲ್ಲದಿದ್ದರೆ ಹೆಚ್ಚು ಎಚ್ಚರ ಬೇಕು. 2025ರಲ್ಲಿ ಆರ್ಮಾ-3 ಎಂಬ ವಿಡಿಯೊ ಗೇಮಿನ ದೃಶ್ಯಗಳೇ ಯುದ್ಧವೆಂದು ಓಡಾಡಿದವು. ಹಿನ್ನೆಲೆಯ ಸೈರನ್ ಸದ್ದನ್ನು ಪುರಾವೆ ಎಂದುಕೊಳ್ಳಬೇಡಿ. ಸ್ಟುಡಿಯೊಗಳು ಅದನ್ನು ಎಷ್ಟು ಬಳಸಿದವೆಂದರೆ, ಜನ ನಿಜವಾದ ಸೈರನ್ನನ್ನೂ ಲೆಕ್ಕಿಸದೆ ಹೋದಾರು ಎಂದು ಮೇ 10ರಂದು ಸರ್ಕಾರವೇ ಬೇಡ ಎನ್ನಬೇಕಾಯಿತು.

ಇದರಲ್ಲಿ ತಪ್ಪಿದರೆ ಪೆಟ್ಟು ಬೀಳುವುದು ಯಾರಿಗೆ ಎಂಬುದಕ್ಕೆ ಪೂಂಛ್ ಸಾಕು. ಗಡಿಯಾಚೆಯ ಶೆಲ್ ದಾಳಿಗೆ ಬಲಿಯಾದ ಅಲ್ಲಿನ ಮದರಸಾ ಶಿಕ್ಷಕರೊಬ್ಬರನ್ನು ಕೆಲವು ಚಾನೆಲ್‌ಗಳು ಭಯೋತ್ಪಾದಕ ಎಂದು ತೋರಿಸಿದವು. ಪೊಲೀಸರು ಅಲ್ಲಗಳೆದು ಹೇಳಿಕೆ ಕೊಡಬೇಕಾಯಿತು.

ಅನುಮಾನಿಸುವವರನ್ನೂ ಅದೇ ಪಟ್ಟಿಯಲ್ಲಿ ಅಳೆಯುವುದು

ಇಲ್ಲಿಯವರೆಗೆ ಓದಿದವರು ‘ಹಾಗಾದರೆ ಸರ್ಕಾರದ ಮಾತೆಲ್ಲ ಸುಳ್ಳು’ ಎಂಬ ಕಡೆಗೆ ಹೊರಳುವ ಅಪಾಯವಿದೆ. ಅದು ಇನ್ನೊಂದು ವಾಲು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಲಿದೆ ಎಂದು ಅಮೆರಿಕ ಹೇಳಿದಾಗ ಇರಾಕ್ ನೆನಪಿದ್ದವರು ನಕ್ಕರು. ಫೆಬ್ರುವರಿ 16ಕ್ಕೆ ದಾಳಿ ಎಂದು ಪತ್ರಿಕೆಗಳಲ್ಲಿ ಬಂತು, ಆ ದಿನ ಏನೂ ಆಗಲಿಲ್ಲ, ನಗು ಜೋರಾಯಿತು. 24ಕ್ಕೆ ದಾಳಿ ನಡೆಯಿತು. ಕೀವ್‌ನ ಭಾರತೀಯ ರಾಯಭಾರ ಕಚೇರಿ 15ರಂದೇ, ಇರಲೇಬೇಕಿಲ್ಲದ ವಿದ್ಯಾರ್ಥಿಗಳು ತಾತ್ಕಾಲಿಕವಾಗಿ ಹೊರಡುವುದನ್ನು ಯೋಚಿಸಿ ಎಂದಿತ್ತು. ಆಮೇಲೆ ಖಾರ್ಕಿವ್ ಮತ್ತಿತರ ಊರುಗಳಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ನೂರಾರು ವಿದ್ಯಾರ್ಥಿಗಳಿದ್ದರು.

ಎರಡು ಪ್ರಕರಣಗಳ ವ್ಯತ್ಯಾಸ ಆಗಲೇ ಕಾಣುತ್ತಿತ್ತು. ಗಡಿಯಲ್ಲಿ ಜಮಾಯಿಸಿದ್ದ ರಷ್ಯಾದ ಪಡೆಗಳ ಉಪಗ್ರಹ ಚಿತ್ರಗಳನ್ನು ಮ್ಯಾಕ್ಸರ್ ಎಂಬ ಖಾಸಗಿ ಕಂಪನಿ ಪ್ರಕಟಿಸುತ್ತಿತ್ತು. ಯಾರು ಬೇಕಾದರೂ ಟ್ಯಾಂಕ್ ಎಣಿಸಬಹುದಿತ್ತು. ಇರಾಕ್‌ನಲ್ಲಿ ಹ್ಯಾನ್ಸ್ ಬ್ಲಿಕ್ಸ್ ನೇತೃತ್ವದ ವಿಶ್ವಸಂಸ್ಥೆಯ ಶಸ್ತ್ರಾಸ್ತ್ರ ತಪಾಸಕರು 2002ರ ನವೆಂಬರ್ ಕೊನೆಯಿಂದ ಸ್ಥಳಕ್ಕೆ ಹೋಗಿ ನೋಡುತ್ತಿದ್ದರು, ದಾಸ್ತಾನು ಸಿಗುತ್ತಿರಲಿಲ್ಲ. ಹಾಗಾಗಿ ನೋಟ್‌ಬುಕ್ಕಿನ ಆರನೇ ಕಾಲಂ, ದಾಖಲೆ ತೋರಿಸಿದ್ದಾರೆಯೇ ಎಂಬುದು, ಯಾರು ಹೇಳಿದರು ಎಂಬುದಕ್ಕಿಂತ ತೂಕದ್ದು. 2022ರಲ್ಲೂ ಪುರಾವೆ ಕೊಡದ ಭಾಗಗಳಿದ್ದವು; ರಷ್ಯಾ ನಕಲಿ ದಾಳಿಯ ವಿಡಿಯೊ ತಯಾರಿಸುತ್ತಿದೆ ಎಂದು ಫೆಬ್ರುವರಿ 3ರಂದು ಅಮೆರಿಕದ ವಿದೇಶಾಂಗ ಇಲಾಖೆಯ ವಕ್ತಾರ ಹೇಳಿದಾಗ ಎಪಿಯ ಮ್ಯಾಟ್ ಲೀ ಪುರಾವೆ ಎಲ್ಲಿ ಎಂದು ಬಿಡದೆ ಕೇಳಿದರು. ಯುದ್ಧ ಆಯಿತು ಎಂಬ ಕಾರಣಕ್ಕೆ ಆ ಪ್ರಶ್ನೆ ತಪ್ಪಾಗುವುದಿಲ್ಲ.

ಸರ್ಕಾರದ ವಿರೋಧಿ ಪಾಳಯದ ಸುಳ್ಳಿಗೂ ಹತ್ತಿರದ ಉದಾಹರಣೆ ಇದೆ. ಕರ್ನಲ್ ಸೋಫಿಯಾ ಖುರೇಷಿ ಅವರ ಬೆಳಗಾವಿ ಜಿಲ್ಲೆಯ ಮನೆಯ ಮೇಲೆ ದಾಳಿ ನಡೆದಿದೆ ಎಂಬ ಪೋಸ್ಟ್ 2025ರ ಮೇನಲ್ಲಿ ಹರಿದಾಡಿತು. ಅಂಥದ್ದೇನೂ ನಡೆದಿಲ್ಲ ಎಂದು ಬೆಳಗಾವಿ ಪೊಲೀಸರು ಸ್ಪಷ್ಟಪಡಿಸಿದರು. ಅದನ್ನು ನಂಬಿ ಹಂಚಿದವರಲ್ಲಿ ಹಿಂದಿನ ರಾತ್ರಿಗಳ ಟಿವಿ ಸುಳ್ಳನ್ನು ಸರಿಯಾಗಿಯೇ ಟೀಕಿಸಿದವರೂ ಇದ್ದಿರಬಹುದು.

ಮನೆಯ ಗುಂಪಿನಲ್ಲಿ, ಕಟ್ಟೆಯ ಮೇಲೆ

ವಾದಕ್ಕಿಳಿಯುವ ಮುನ್ನ ನಿಮ್ಮ ಮನಸ್ಸು ಬದಲಾಗಲು ಯಾವ ಪುರಾವೆ ಸಾಕು ಎಂದು ಒಂದು ಸಾಲು ಬರೆದಿಟ್ಟುಕೊಳ್ಳಿ. ಬರೆಯಲು ಆಗದಿದ್ದರೆ ಅಂದು ವಾದ ಬೇಡ. ಗುಂಪಿಗೆ ಬಂದ ವಿಡಿಯೊಗೆ ‘ಇದು ಸುಳ್ಳು’ ಎಂದು ಉತ್ತರಿಸಿದರೆ ಕಳಿಸಿದವರ ಮಾನದ ಪ್ರಶ್ನೆಯಾಗುತ್ತದೆ, ಅವರು ಪಟ್ಟು ಹಿಡಿಯುತ್ತಾರೆ. ‘ಚಿಕ್ಕಪ್ಪ, ಇದು ಯಾವ ಊರಿನದಂತೆ? ನಿಮಗೆ ಯಾರು ಕಳಿಸಿದ್ರು?’ ಎಂದು ಕೇಳಿದರೆ ಅವರೇ ಹಿಂದಕ್ಕೆ ಹೋಗಿ ಹುಡುಕುವ ಸಾಧ್ಯತೆ ಇದೆ. ರಾತ್ರಿ ಒಂಬತ್ತರ ನಂತರ ಬಂದದ್ದನ್ನು ಬೆಳಗ್ಗೆಯವರೆಗೆ ಮುಂದಕ್ಕೆ ಕಳಿಸಬೇಡಿ. ಮೇ 8ರ ಸುದ್ದಿಗಳ ಪೈಕಿ ದೊಡ್ಡವು ಬೆಳಗಿನ ಪತ್ರಿಕೆಯವರೆಗೂ ಬಾಳಲಿಲ್ಲ. ದೇಶಪ್ರೇಮದ ಪ್ರಶ್ನೆ ಎತ್ತಿದವರಿಗೆ ಉತ್ತರ ಕೊಡಲು ಹೋಗದೆ ಪ್ರತಿಪಾದನೆಗೇ ಮರಳಿ: ಬಂದರಿಗೆ ಬೆಂಕಿ ಬಿದ್ದಿದೆಯೋ ಇಲ್ಲವೋ?

ದೂರು ಕೊಡುವುದಾದರೆ ದಿನಾಂಕ, ಗಂಟೆ, ತುಣುಕು ಮೂರೂ ಬೇಕು. ಟಿವಿಯಾದರೆ ಪ್ರಸಾರವಾದ ಏಳು ದಿನದೊಳಗೆ ಮೊದಲು ಚಾನೆಲ್ಲಿಗೇ ಬರೆಯಬೇಕು. ಉತ್ತರ ಹಿಡಿಸದಿದ್ದರೆ ಸುದ್ದಿ ಪ್ರಸಾರ ಮತ್ತು ಡಿಜಿಟಲ್ ಮಾನದಂಡ ಪ್ರಾಧಿಕಾರಕ್ಕೆ. ಅದರ ಸದಸ್ಯತ್ವ ಇಲ್ಲದ ಚಾನೆಲ್‌ಗಳು ಅದರ ಕೈಗೆ ಸಿಗುವುದಿಲ್ಲ, ಮೊದಲೇ ನೋಡಿಕೊಳ್ಳಿ. ಪತ್ರಿಕೆಯಾದರೆ ಸಂಪಾದಕರಿಗೆ ಪತ್ರ, ನಂತರ ಭಾರತೀಯ ಪತ್ರಿಕಾ ಮಂಡಳಿ. ದಿನಪತ್ರಿಕೆಗೆ ಎರಡು ತಿಂಗಳ ಗಡುವು. ಮಂಡಳಿ ಛೀಮಾರಿ ಹಾಕಬಲ್ಲದು, ದಂಡ ಹಾಕಲಾರದು. ‘ನಿಮ್ಮ ಚಾನೆಲ್ ಪಕ್ಷಪಾತಿ’ ಎಂದು ಬರೆದ ದೂರು ಕಸದಬುಟ್ಟಿಗೆ. ‘ಇಷ್ಟು ಗಂಟೆಗೆ ಈ ವಾಕ್ಯ ಪ್ರಸಾರವಾಯಿತು, ಮೂಲ ಹೇಳಲಿಲ್ಲ, ತಿದ್ದುಪಡಿ ಬರಲಿಲ್ಲ’ ಎಂದು ಬರೆದದ್ದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಮೂರು ತಿಂಗಳ ಮೇಲೆ

ನೋಟ್‌ಬುಕ್ ಎಸೆಯಬೇಡಿ. ಕೆಲವು ಉತ್ತರಗಳು ತಡವಾಗಿ ಬರುತ್ತವೆ: 2025ರ ಮೇ ತಿಂಗಳ ಕಾರ್ಯಾಚರಣೆಯಲ್ಲಿ ವಿಮಾನಗಳ ನಷ್ಟ ಆಗಿತ್ತೆಂದು ಆಗ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ ಅನಿಲ್ ಚೌಹಾಣ್ ಸಿಂಗಪುರದಲ್ಲಿ ಒಪ್ಪಿಕೊಂಡದ್ದು ಮೇ 31ರಂದು, ಆರು ವಿಮಾನ ಉರುಳಿಸಿದೆವೆಂಬ ಪಾಕಿಸ್ತಾನದ ಮಾತನ್ನು ಅದೇ ವೇಳೆ ತಳ್ಳಿಹಾಕಿದರು. ಮೂರು ತಿಂಗಳ ಮೇಲೆ ಪ್ರತಿ ಪ್ರತಿಪಾದನೆಯ ಮುಂದೆ ನಿಜ, ಸುಳ್ಳು, ಇನ್ನೂ ಗೊತ್ತಿಲ್ಲ ಎಂದು ಗುರುತು ಹಾಕಿ, ತಿದ್ದುಪಡಿ ಬಂದಿದ್ದರೆ ಪುಟಸಂಖ್ಯೆ ಬರೆಯಿರಿ.

ಗುರುತು ಹಾಕುವಾಗ ಪತ್ರಿಕೆಯ ಹೆಸರಿಗಿಂತ ಬೈಲೈನ್, ಎಂದರೆ ಬರೆದ ವರದಿಗಾರರ ಹೆಸರು, ನೋಡಿ. ಇರಾಕ್ ವಿಷಯದಲ್ಲಿ ಲೆಕ್ಕ ಸರಿಹೋದದ್ದು ನೈಟ್ ರಿಡರ್ ಎಂಬ ಪತ್ರಿಕಾ ಸಮೂಹದ ವಾಷಿಂಗ್ಟನ್ ಕಚೇರಿಯದು. ಜೊನಾಥನ್ ಲ್ಯಾಂಡೆ ಮತ್ತು ವಾರೆನ್ ಸ್ಟ್ರೋಬೆಲ್ ಮಂತ್ರಿಗಳ ಬಾಗಿಲು ಕಾಯುವ ಬದಲು ಇಲಾಖೆಗಳ ನಡುಮಟ್ಟದ ಅಧಿಕಾರಿಗಳ ಜೊತೆ ಮಾತಾಡುತ್ತಿದ್ದರು; ಗಟ್ಟಿ ಪುರಾವೆ ಇಲ್ಲವೆಂಬ ಕಳವಳ ಒಳಗೇ ಇದೆ ಎಂದು 2002ರ ಸೆಪ್ಟೆಂಬರ್ 6ರಂದೇ, ಕೊಳವೆಯ ವರದಿಗೆ ಎರಡು ದಿನ ಮೊದಲು, ಲ್ಯಾಂಡೆ ಬರೆದಿದ್ದರು. ಆ ಸಮೂಹಕ್ಕೆ ವಾಷಿಂಗ್ಟನ್‌ನಲ್ಲಾಗಲಿ ನ್ಯೂಯಾರ್ಕ್‌ನಲ್ಲಾಗಲಿ ಸ್ವಂತ ಪತ್ರಿಕೆ ಇರಲಿಲ್ಲ, ಹಾಗಾಗಿ ನಿರ್ಧಾರ ಮಾಡುವವರ ಮೇಜಿಗೆ ಅದು ಬೆಳಗ್ಗೆ ತಲುಪುತ್ತಿರಲಿಲ್ಲ. ನಿಮ್ಮ ಪಟ್ಟಿಯಲ್ಲಿ ‘ನಿಜ’ ಎಂಬ ಗುರುತು ಹೆಚ್ಚು ಸಿಕ್ಕಿದ ಐದಾರು ಬೈಲೈನ್‌ಗಳನ್ನು ನೋಟ್‌ಬುಕ್ಕಿನ ರಟ್ಟಿನ ಒಳಬದಿಗೆ ಬರೆದಿಡಿ. ಮುಂದಿನ ಸಲ ಗಡಿ ಕಾವೇರಿದಾಗ ನಾಲ್ಕು ಮೂಲಗಳ ಆಯ್ಕೆ ಅವರು ಬರೆಯುವ ಕಡೆಯಿಂದ ಶುರುವಾಗಲಿ, ಅವರು ಜಿಲ್ಲಾ ಆವೃತ್ತಿಯ ಒಳಪುಟದಲ್ಲಿ ಬರೆಯುತ್ತಿದ್ದರೂ ಸರಿ.